ದ್ಯಾವಕ್ಕನ ಬಾನಿ, ಮೀನಿನ ದನಿ

ದ್ಯಾವಕ್ಕನಿಗೆ ಒಂದು ಅಭ್ಯಾಸವಿತ್ತು. ಎದುರಿಗೆ ಏನಿದ್ದರೂ ಸೆರಗಿನ ತುದಿಯಿಂದ ಒರೆಸುವುದು. ಮಾತಾಡುತ್ತಾ ಒರೆಸುವಳು, ಮಾತು ಕೇಳುತ್ತಾ ಒರೆಸುವಳು. ಒರೆಸಿಟ್ಟ ತಟ್ಟೆಯನ್ನೇ ಮತ್ತೆ ತೆಗೆದು ಒರೆಸುವಳು. ಕರುವಿನ ಮೂಗು, ಒರಳಿನ ಅಂಚು, ಕುಂಬಳಕಾಯಿಯ ಬೆನ್ನು, ಯಾವುದನ್ನೂ ಬಿಡುತ್ತಿರಲಿಲ್ಲ. ಒಂದು ಸಂಜೆ ಚಂದ್ರ ಹಿತ್ತಲ ಬೇಲಿಯ ಮೇಲೆ ಸುಮ್ಮನೆ ಕೂತಿದ್ದಾಗ ಅವನ ಕೆನ್ನೆಯನ್ನೂ ತಿಕ್ಕಲು ಹೋಗಿದ್ದಳಂತೆ. ಆಮೇಲೆ ಅವನು ಅಷ್ಟು ಕೆಳಗೆ ಇಳಿದೇ ಇಲ್ಲ.

ಇದು ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತು. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಬಂಡೆಗಳಿಗೆಲ್ಲ ಬಣ್ಣ ಹಚ್ಚಿ ಮುಗಿದಿರಲಿಲ್ಲ. ಬಣ್ಣ ಸಾಲದೆ ಹೋದ ಕೆಲವು ಬಂಡೆಗಳು ನೀರಿನಷ್ಟೇ ತಿಳಿಯಾಗಿ, ಆಚೆಗಿದ್ದದ್ದು ಈಚೆಗೆ ಕಾಣುವ ಹಾಗೆ ಬಿದ್ದಿದ್ದವು. ಆಗ ಎಲ್ಲಕ್ಕೂ ಬಾಯಿತ್ತು. ಆದರೆ ತಮ್ಮ ಕೆಲಸ ತಾವು ಮಾಡಿಕೊಳ್ಳಲು ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಎಲ್ಲರೂ ಕರೆಯುತ್ತಿದ್ದರು. ಕರೆಯುತ್ತಿದ್ದದ್ದು ಒಬ್ಬಳನ್ನೇ.

"ದ್ಯಾವಕ್ಕಾ, ಸೌದೆ!" ಒಲೆ ಕೂಗುತ್ತಿತ್ತು.

"ದ್ಯಾವಕ್ಕಾ, ಬೆನ್ನ ಮೇಲೆ ನೊಣ ಕೂತಿದೆ, ಬಾ!" ಹಸು ಕೂಗುತ್ತಿತ್ತು. ಬಾಲ ಯಾಕಿದೆ ಅಂತ ಅದಕ್ಕಿನ್ನೂ ಗೊತ್ತಿರಲಿಲ್ಲ.

"ದ್ಯಾವೀ, ನನ್ನ ಎಲೆಯಡಿಕೆ ಚೀಲ ಎಲ್ಲಿಟ್ಟೆಯೇ?" ಅತ್ತೆ ಕೂಗುತ್ತಿದ್ದಳು. ಚೀಲ ಅತ್ತೆಯ ಸೊಂಟದಲ್ಲೇ ಇರುತ್ತಿತ್ತು.

"ಏ ದ್ಯಾವೀ, ಬಾ ಇಲ್ಲಿ!" ಗಂಡ ಮಾರಣ್ಣ ಕೂಗುತ್ತಿದ್ದ. ಅವಳು ಓಡಿ ಬಂದರೆ, "ಯಾಕೆ ಕರೆದೆ ಅಂತ ಮರೆತೇ ಹೋಯ್ತು ನೋಡು," ಅಂತ ನಗುತ್ತಿದ್ದ.

"ಬಂದೆ," ಅನ್ನುವಳು ದ್ಯಾವಕ್ಕ. ಬೆಳಗಿನಿಂದ ಬೈಗಿನವರೆಗೆ ಅದೇ ಮಾತು. ಬಂದೆ. ಬಂದೆ. ಬಂದೆ.

ಒಂದು ದಿನ ನೀರಿಗೆ ಅಂತ ಹೋದವಳು ಕೆರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೆಳಗೆ ನೀರುಬಳ್ಳಿಗಳು ತಮ್ಮಷ್ಟಕ್ಕೆ ತೂಗುತ್ತಿದ್ದವು. ಬಸವನಹುಳು ತನ್ನಷ್ಟಕ್ಕೆ ಕಲ್ಲು ಹತ್ತುತ್ತಿತ್ತು. ಮೀನುಗಳು ಹರಟೆ ಹೊಡೆಯುತ್ತಿದ್ದವು, ಆದರೆ ಯಾವ ಮೀನೂ ಯಾರನ್ನೂ ಕೆಲಸಕ್ಕೆ ಕರೆಯುತ್ತಿರಲಿಲ್ಲ.

"ಕೆರೆಯವ್ವಾ, ಇವರನ್ನೆಲ್ಲ ಯಾರು ನೋಡ್ಕೊಳ್ತಾರೆ?" ಅಂದಳು ದ್ಯಾವಕ್ಕ.

"ಯಾರೂ ಇಲ್ಲ ಮಗಳೇ," ಅಂದಳು ಕೆರೆ. "ಮೀನು ಬಿಟ್ಟ ಹೊಲಸನ್ನ ಬಳ್ಳಿ ತಿನ್ನುತ್ತೆ. ಬಳ್ಳಿ ಬಿಟ್ಟ ಉಸಿರನ್ನ ಮೀನು ಕುಡಿಯುತ್ತೆ. ನಾನು ಸುಮ್ಮನೆ ಮಲಗಿರ್ತೀನಿ."

ದ್ಯಾವಕ್ಕ ನೀರಿನತ್ತ ಬಗ್ಗಿದಳು. "ನನಗೂ ಇಂಥದ್ದೊಂದು ಬೇಕವ್ವಾ. ಮನೆಯೊಳಗೆ. ನನ್ನನ್ನ ಏನೂ ಕೇಳದೆ ಇರೋ ಅಂಥದ್ದು ಒಂದಾದ್ರೂ ಬೇಕು."

ಕೆರೆ ಯೋಚನೆ ಮಾಡಿ ಹೇಳಿದಳು. "ಆಗಲಿ. ಆದರೆ ಅವಸರ ಮಾಡಬೇಡ. ನೀರು ನಿಲ್ಲೋ ಬಾನಿಯೊಂದು ಮಾಡಿ, ಮೊದಲು ನನ್ನ ತಳದ ಹಳೇ ಮಣ್ಣು ಅದಕ್ಕೆ ಹಾಕು. ಅದರ ಮೇಲೆ ಮರಳು ಹರಡು, ಕದಡದ ಹಾಗೆ. ಎಳೆಬಿಸಿಲು ಬಿದ್ದು ಹೋಗೋ ಕಡೆ ಇಡು, ಇಡೀ ದಿನ ಸುಡೋ ಕಡೆ ಬೇಡ. ಮೊದಲು ಬಳ್ಳಿ ನೆಡು. ಅದು ಹೊಸ ಎಲೆ ಬಿಡಲಿ, ಗೋಡೆಗೆ ಲೋಳೆ ಕಟ್ಟಲಿ. ಆಮೇಲೆ ಬಸವನಹುಳು. ಎಲ್ಲಕ್ಕಿಂತ ಆಮೇಲೆ ಮೀನು, ಅದೂ ಬೆರಳುದ್ದದ್ದು, ಅದೂ ಕೆಲವೇ."

"ಆಮೇಲೆ?"

"ಆಮೇಲೆ ಕೈ ಕಟ್ಟಿಕೊಂಡು ಕೂರು. ಆರಿದಷ್ಟು ನೀರು ತುಂಬು, ಚಿಟಿಕೆಯಷ್ಟು ತಿನ್ನೋಕೆ ಹಾಕು, ಸಾಕು. ಅದೇ ಕಷ್ಟದ ಕೆಲಸ."

"ಸುಮ್ಮನಿರೋದಾ ಕಷ್ಟ?" ದ್ಯಾವಕ್ಕ ನಕ್ಕುಬಿಟ್ಟಳು. ನಗುತ್ತಾ ನಗುತ್ತಾ ಕೂತಿದ್ದ ಮೆಟ್ಟಿಲನ್ನು ಸೆರಗಿನಿಂದ ಒರೆಸಿದಳು.

ಬಣ್ಣವಿಲ್ಲದ ಬಂಡೆಯೊಂದನ್ನು ಕೊರೆದು ಅವಳು ಬಾನಿ ಮಾಡಿದಳು. ಪಡಸಾಲೆಯ ಕಿಟಕಿಯ ಪಕ್ಕ ಇಟ್ಟಳು. ಕೆರೆಯ ತಳದ ಕಪ್ಪು ಮಣ್ಣು ಹೊತ್ತು ತಂದಾಗ ಅತ್ತೆ ಮೂಗು ಮುಚ್ಚಿಕೊಂಡಳು.

"ಥೂ, ನಡುಮನೇಲಿ ತಿಪ್ಪೆ ಹಾಕ್ತಿದ್ದೀಯೇನೇ?"

"ವಾಸನೆ ಹೋಗುತ್ತೆ ಅತ್ತೆ."

"ನೀನು ಹೋದ್ರೂ ಅದು ಹೋಗಲ್ಲ."

ದ್ಯಾವಕ್ಕ ಮರಳು ಹರಡಿದಳು. ಬಳ್ಳಿ ನೆಟ್ಟಳು. ನೆರಳಿಗೆ ಅಂತ ಮೇಲೆ ನಾಲ್ಕು ಅಂತರಗಂಗೆ ಗಿಡ ತೇಲಿಬಿಟ್ಟಳು. ಕಾದಳು. ಕರೆದವರಿಗೆಲ್ಲ "ಬಂದೆ" ಅನ್ನುತ್ತಲೇ ಕಾದಳು. ಬಳ್ಳಿ ಹೊಸ ಎಲೆ ಬಿಟ್ಟಿತು. ಬಸವನಹುಳು ಬಂತು. ಕೊನೆಗೆ ಮೀನು ಬಂದವು.

ಆಗ ಲೋಕದ ಮೀನುಗಳಿಗೆಲ್ಲ ಸೇರಿ ಇದ್ದದ್ದು ಒಂದೇ ದನಿ. ಬಾಯಿಂದ ಬಾಯಿಗೆ ದಾಟಿಸಿಕೊಂಡು ಸರದಿಯ ಮೇಲೆ ಮಾತಾಡುತ್ತಿದ್ದವು. ದ್ಯಾವಕ್ಕನಿಗೆ ಅದು ಗೊತ್ತಿರಲಿಲ್ಲ. ಆ ದಿನ ದನಿ ಇದ್ದದ್ದು ಅವಳು ತಂದ ಕೆಂಪು ರೆಕ್ಕೆಯ ಮರಿಯ ಬಾಯಲ್ಲಿ.

"ಅಕ್ಕಾ, ಕಿಟಕಿಯಾಚೆ ಅದೇನು? ಅಕ್ಕಾ, ನಿನ್ನ ಮೂಗಲ್ಲಿ ಮಿಂಚ್ತಿರೋದು ಏನು? ಅಕ್ಕಾ..."

ದ್ಯಾವಕ್ಕನ ಮುಖ ಬಾಡಿತು. "ನೀವೂ ಶುರು ಮಾಡಿದ್ರಾ?"

"ಇಲ್ಲಕ್ಕಾ, ಇಲ್ಲ! ಸುಮ್ಮನಿರ್ತೀವಿ. ಬೇಕೇ ಬೇಕು ಅನ್ನಿಸಿದಾಗ ಮಾತ್ರ ಕರೀತೀವಿ."

"ಈ ಮನೇಲಿ ಎಲ್ಲರೂ ಬೇಕೇ ಬೇಕು ಅಂತಲೇ ಕರೆಯೋದು."

ಅಷ್ಟರಲ್ಲಿ ಗಾಳಿ ಕಿಟಕಿಯಿಂದ ಒಳಗೆ ಬಂದ. ದ್ಯಾವಕ್ಕ ಅವನತ್ತ ತಿರುಗಿದಳು. "ಗಾಳಿಯಣ್ಣಾ, ಹೋಗುವಾಗ ಈ ದನೀನ ತಗೊಂಡು ಹೋಗ್ತೀಯಾ?"

"ತಗೊಂಡು ಹೋಗಬಹುದು. ಆದ್ರೆ ವಾಪಸ್ ತಂದುಕೊಡೋನು ನಾನಲ್ಲ. ತಿರುಗಿ ನೋಡೋ ಅಭ್ಯಾಸ ನನಗಿಲ್ಲ."

"ತರಬೇಡ. ನನಗದು ಬೇಡವೇ ಬೇಡ."

ಮರಿ ಗೋಡೆಗೆ ಮೂತಿ ಒತ್ತಿತು. "ಅಕ್ಕಾ, ಒಂದು ಮಾತು..."

ಗಾಳಿ ಬಟ್ಟೆಯಿಂದ ನೂಲು ಎಳೆದ ಹಾಗೆ ದನಿಯನ್ನು ಎಳೆದುಕೊಂಡ. ಕಿಟಕಿಯಿಂದ ಹೊರಗೆ ಹೋದ. ಹೋದವನು ಹೋದ.

ಆಮೇಲಿನ ದಿನಗಳು ಚೆನ್ನಾಗಿದ್ದವು. ಸುಳ್ಳು ಯಾಕೆ ಹೇಳಲಿ, ತುಂಬಾ ಚೆನ್ನಾಗಿದ್ದವು. ಮಧ್ಯಾಹ್ನ ಒಲೆ ಆರಿದ ಮೇಲೆ ದ್ಯಾವಕ್ಕ ಬಾನಿಯ ಮುಂದೆ ಕೂರುವಳು. ಬಳ್ಳಿಯ ಎಲೆಗಳಿಂದ ಉಸಿರಿನ ಮುತ್ತುಗಳು ಒಂದೊಂದೇ ಮೇಲೇಳುತ್ತಿದ್ದವು. ಕೆಂಪು ರೆಕ್ಕೆಯ ಮರಿ ಅವಳ ಬೆರಳು ಹೋದಲ್ಲಿ ಹೋಗುತ್ತಿತ್ತು. ಬಾನಿ ಅವಳನ್ನು ಏನೂ ಕೇಳಲಿಲ್ಲ. ಆ ದಿನವೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ.

ಒಮ್ಮೆ ಅವಳಿಗೆ ಜ್ವರ ಬಂದು ಮೂಲೆಯಲ್ಲಿ ಮಲಗಿದಳು. ಒಲೆ ಆರಿತು, ಹಸು ಒದರಿತು, ಮಾರಣ್ಣ ಹಸಿದುಕೊಂಡು ಊರೆಲ್ಲ ಸುತ್ತಿದ. ಜ್ವರ ಬಿಟ್ಟು ಎದ್ದು ನೋಡಿದರೆ ಬಾನಿಯೊಂದು ಮಾತ್ರ ಹೇಗಿತ್ತೋ ಹಾಗೇ ಇತ್ತು. ಬಳ್ಳಿ ಇನ್ನೂ ಒಂದು ಹೊಸ ಎಲೆ ಬಿಟ್ಟಿತ್ತು.

"ನೋಡಿದ್ಯಾ?" ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ನಕ್ಕಳು. "ಅದಕ್ಕೆ ನೀನು ಇದ್ರೂ ಒಂದೇ, ಇಲ್ಲದಿದ್ರೂ ಒಂದೇ."

ದ್ಯಾವಕ್ಕ ಬೇಕು ಅಂತ ಬಯಸಿದ್ದೂ ಅದನ್ನೇ. ಆದರೆ ಆ ಮಾತು ಅವಳಿಗೆ ಹಿಡಿಸಲಿಲ್ಲ. ಬಾನಿಯ ಅಂಚನ್ನು ಸೆರಗಿನಿಂದ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಹಬ್ಬ ಬಂತು. ಹಬ್ಬದ ಹಿಂದಿನ ದಿನ ಮನೆ ತೊಳೆಯಬೇಕು, ಅದು ಅವರ ಪದ್ಧತಿ. ಅಟ್ಟದಿಂದ ಹೊಸಿಲವರೆಗೆ ಏನೂ ಉಳಿಯಬಾರದು. ದ್ಯಾವಕ್ಕ ಹಂಡೆ ತೊಳೆದಳು, ಒರಳು ತೊಳೆದಳು, ಬಾಗಿಲು ತೊಳೆದಳು. ತೊಳೆದು ತಿರುಗಿದರೆ ಬಾನಿ ಕಂಡಿತು. ಗೋಡೆಗೆ ಹಸಿರು ಲೋಳೆ. ಮರಳ ಮೇಲೆ ಕಂದು ಕೆಸರು.

"ಪಾಪ," ಅಂದಳು ದ್ಯಾವಕ್ಕ. "ನಿಮ್ಮನ್ನ ಮಾತ್ರ ನಾನು ನೋಡಿಕೊಂಡೇ ಇಲ್ಲ."

ಮೀನುಗಳನ್ನು ಚೆಂಬಿಗೆ ಹಾಕಿದಳು. ಬಳ್ಳಿ ಕಿತ್ತು ಬೇರು ತೊಳೆದಳು. ಮರಳನ್ನು ಬೆಳ್ಳಗಾಗುವವರೆಗೆ ಜಾಲಾಡಿದಳು. ತಳದ ಕಪ್ಪು ಮಣ್ಣನ್ನು ಬಾಚಿ ತಿಪ್ಪೆಗೆ ಎಸೆದಳು. ಬಾನಿಯ ಗೋಡೆಯನ್ನು ಬೂದಿ ಹಾಕಿ ತಿಕ್ಕಿದಳು, ಹಸುಗೂಸಿಗೆ ಎಣ್ಣೆ ನೀರು ಹಾಕುವಷ್ಟು ಅಕ್ಕರೆಯಿಂದ ತಿಕ್ಕಿದಳು. ಬಾವಿಯ ಹೊಸ ನೀರು ತುಂಬಿದಳು. ಕೊನೆಗೆ ಸೆರಗಿನಿಂದ ಒರೆಸಿದಳು.

ಚೆಂಬಿನಲ್ಲಿ ಕೆಂಪು ರೆಕ್ಕೆಯ ಮರಿ ಬಾಯಿ ತೆರೆಯಿತು, ಮುಚ್ಚಿತು. ತೆರೆಯಿತು, ಮುಚ್ಚಿತು. ದ್ಯಾವಕ್ಕ ನೋಡಲಿಲ್ಲ.

ಹಬ್ಬದ ದಿನ ಬಾನಿ ಫಳಫಳ ಹೊಳೆಯಿತು. ಬಂದವರೆಲ್ಲ ಹೊಗಳಿದರು. ಮರುದಿನ ನೀರು ಅಕ್ಕಿ ತೊಳೆದ ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು. ಅದರ ಮರುದಿನ ಮೀನುಗಳೆಲ್ಲ ಮೇಲಕ್ಕೆ ಬಂದು, ನೀರಿನ ಅಂಚಿಗೆ ತುಟಿ ಹಚ್ಚಿ, ಬಾಯಿ ತೆರೆದು ಮುಚ್ಚತೊಡಗಿದವು.

"ಏನಾಯ್ತು? ಹಸಿವಾ?" ದ್ಯಾವಕ್ಕ ಹಿಡಿ ಅನ್ನ ತಂದು ಹಾಕಿದಳು. ಅವು ತಿನ್ನಲಿಲ್ಲ. ಅನ್ನ ತಳಕ್ಕಿಳಿದು ಕೊಳೆಯಿತು.

"ಹೇಳ್ರೋ. ಏನು ಬೇಕು?"

ತೆರೆಯಿತು, ಮುಚ್ಚಿತು.

"ದ್ಯಾವೀ, ಎಲೆಯಡಿಕೆ ಚೀಲ!" ಒಳಗಿನಿಂದ ಅತ್ತೆ ಕೂಗಿದಳು.

"ಬಂದೆ," ಅಂದಳು ದ್ಯಾವಕ್ಕ. ಹೋದಳು. ದನಿ ಇದ್ದವರೆಲ್ಲ ಕರೆದರು, ದನಿ ಇದ್ದವರ ಹತ್ತಿರಕ್ಕೆಲ್ಲ ಹೋದಳು. ತಿರುಗಿ ಬರುವಷ್ಟರಲ್ಲಿ ಬೆಳ್ಳಿಯ ಹೊಟ್ಟೆಗಳು ಮೇಲಾಗಿ ತೇಲುತ್ತಿದ್ದವು. ಕೆಂಪು ರೆಕ್ಕೆಯದೊಂದೇ ಇನ್ನೂ ಬಾಯಿ ಆಡಿಸುತ್ತಿತ್ತು.

ಅದನ್ನು ಬೊಗಸೆ ನೀರಿನಲ್ಲಿ ಹಿಡಿದುಕೊಂಡು ಅವಳು ಕೆರೆಗೆ ಓಡಿದಳು.

"ಏನು ತೊಳೆದೆ?" ಕೆರೆ ಕೇಳಿದಳು.

"ಎಲ್ಲ ತೊಳೆದೆ ಅವ್ವಾ. ಒಂದಿಷ್ಟೂ ಕೊಳೆ ಬಿಡಲಿಲ್ಲ."

"ಆ ಕೊಳೆಯೇ ಮಗಳೇ ಅವುಗಳನ್ನ ಸಾಕ್ತಿದ್ದದ್ದು," ಅಂದಳು ಕೆರೆ.

"ನನಗೆ ಯಾರೂ ಹೇಳಲಿಲ್ಲ!"

"ಹೇಳೋಕೆ ಬಾಯಿ ಎಲ್ಲಿ ಉಳಿಸಿದ್ದೆ? ನನ್ನ ಮನೇನೂ ನೋಡು."

ದ್ಯಾವಕ್ಕ ನೀರಿಗೆ ಬಗ್ಗಿ ನೋಡಿದಳು. ಕೆರೆಯ ಮೀನುಗಳೂ ಬಾಯಿ ತೆರೆದು ಮುಚ್ಚುತ್ತಿದ್ದವು. ದೊಡ್ಡವು, ಚಿಕ್ಕವು, ನಿನ್ನೆ ಹುಟ್ಟಿದವು. ಎಲ್ಲೂ ಸದ್ದಿಲ್ಲ. ಇದ್ದ ಒಂದೇ ದನಿಯನ್ನು ಗಾಳಿ ಎಲ್ಲಿ ಬೀಳಿಸಿದನೋ, ಅವನಿಗೇ ನೆನಪಿರಲಿಲ್ಲ.

ಅವಳು ಬೊಗಸೆ ಬಿಚ್ಚಿದಳು. ಮರಿ ನೀರಿಗೆ ಇಳಿಯಿತು. ಇಳಿದದ್ದು ಓಡಿಹೋಗಲಿಲ್ಲ. ತಿರುಗಿ ಅವಳ ಕಡೆಗೇ ಬಂತು.

"ಅವತ್ತು ಒಂದು ಮಾತು ಅಂದೆಯಲ್ಲ," ದ್ಯಾವಕ್ಕ ಮೆಟ್ಟಿಲ ಮೇಲೆ ಮೊಣಕಾಲೂರಿದಳು. "ಅದು ಏನು?"

ತೆರೆಯಿತು, ಮುಚ್ಚಿತು.

ದೂರದಲ್ಲಿ ಒಲೆ ಕೂಗಿತು, "ದ್ಯಾವಕ್ಕಾ, ಸೌದೆ!" ಅವಳು ಆ ದಿನ ಬಂದೆ ಅನ್ನಲಿಲ್ಲ. ಆದರೆ ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋದಳು. ಹೋಗದೆ ಮತ್ತೆಲ್ಲಿಗೆ ಹೋದಾಳು?

ಅಂದಿನಿಂದ ಮೀನುಗಳು ಆ ಮಾತನ್ನು ಬಾಯಲ್ಲೇ ಇಟ್ಟುಕೊಂಡು ತಿರುಗುತ್ತಿವೆ, ಅದಕ್ಕೇ ಇವತ್ತಿಗೂ ನಿಮ್ಮ ಮನೆಯ ಗಾಜಿನ ತೊಟ್ಟಿಯ ಮುಂದೆ ನೀನು ಕೂತರೆ ಮೀನೊಂದು ಬಳ್ಳಿಯ ಮರೆಯಿಂದ ಬಂದು, ಗಾಜಿಗೆ ಮೂತಿ ಹಚ್ಚಿ, ಬಾಯಿ ತೆರೆದು ಮುಚ್ಚುತ್ತದೆ, ನೀನೂ ದ್ಯಾವಕ್ಕನ ಹಾಗೇ ಬಗ್ಗಿ ಕೇಳುತ್ತೀಯ: "ಏನು ಬೇಕು? ಒಂದೇ ಒಂದು ಸಲ ಹೇಳು."