ಹುಲ್ಲು ಕಚ್ಚದ ಹುಲಿಗೆವ್ವ

ಕೆಲಸ ಕೇಳಲು ಬಂದವರ ಬಾಯಿಗೆ ಹುಲ್ಲು ತುರುಕಿದರು. ಕಲಿತವರ ಬಾಯಿಗೂ ತುರುಕಿದರು, ಕಲಿಯದವರ ಬಾಯಿಗೂ ತುರುಕಿದರು. ಮಾಡಿದ್ದು ತಪ್ಪು. ತಪ್ಪೆಂದು ಯಾರೂ ಅನ್ನಲಿಲ್ಲ, ಯಾಕೆಂದರೆ ಅನ್ನಬೇಕಾದವರ ಬಾಯಲ್ಲೇ ಹುಲ್ಲಿತ್ತು. ಈ ಕಥೆ ಅದರದು. ಹೂಂಗುಟ್ಟುವವರು ಹೂಂಗುಟ್ಟಿ, ನಿದ್ದೆ ಬಂದವರು ಎದ್ದು ಮನೆಗೆ ಹೋಗಿ.

ದೊಡ್ಡ ಹೊಳೆಯ ದಂಡೆಯ ಮೇಲೆ ಒಂದು ಊರಿತ್ತಂತೆ. ಊರಿಗೊಬ್ಬ ಅರಸ, ಅರಸನಿಗೊಬ್ಬ ಮಂತ್ರಿ. ಒಮ್ಮೆ ಆ ಅರಸ ಯುದ್ಧ ಗೆದ್ದಾಗ ಸೋತ ಅರಸ ಬಾಯಲ್ಲಿ ಹುಲ್ಲು ಕಚ್ಚಿ, ಬೆನ್ನು ಬಗ್ಗಿಸಿ ಎದುರಿಗೆ ಬಂದು ನಿಂತನಂತೆ. ನೋಡಿ ಮಂತ್ರಿಗೆ ಬಲು ಹಿಗ್ಗಾಯಿತು.

“ಎಷ್ಟು ಚೆಂದ ಕಾಣ್ತೈತಿ ನೋಡ್ರಿ ದೊರೆ. ಇನ್ನು ಮ್ಯಾಲ ಕೆಲಸ ಕೇಳಾಕ ಬಂದವರೂ ಹಿಂಗ ನಿಲ್ಲಲಿ,” ಅಂದ.

ಅರಸ ಹೂಂ ಅಂದ. ಸೋತವನಿಗಿದ್ದ ಪದ್ಧತಿ ದುಡಿಯಲು ಬಂದವನಿಗೂ ಬಂತು.

ಬಾಯಲ್ಲಿ ಹುಲ್ಲಿದ್ದರೆ ಮಾತು ಹೇಗೆ ಹೊರಡಬೇಕು? ನನಗೆ ಇಂಥದು ಬರುತ್ತದೆ ಎಂದು ಯಾರೂ ಹೇಳುವಂತಿಲ್ಲ. ನಿನಗೇನು ಬರುತ್ತದೆ ಎಂದು ಯಾರೂ ಕೇಳುವಂತಿಲ್ಲ. ಮಂತ್ರಿ ಸಾಲಿನ ಮುಂದೆ ನಡೆದು ಬೆನ್ನು ನೋಡುತ್ತಿದ್ದ. ಯಾರ ಬೆನ್ನು ಹೆಚ್ಚು ಬಗ್ಗಿದೆಯೋ ಅವನಿಗೆ ಕೆಲಸ. ಹೀಗಾಗಿ ಅರಮನೆಯ ಅಡುಗೆಯವನಿಗೆ ಅಡುಗೆ ಬರುತ್ತಿರಲಿಲ್ಲ. ಅರಸ ದಿನವೂ ತಳ ಹತ್ತಿದ ಅನ್ನ ಉಂಡು, ಎಲ್ಲರ ಮನೆಯ ಅನ್ನವೂ ಹೀಗೇ ಇರುತ್ತದೆ ಅಂದುಕೊಂಡಿದ್ದನಂತೆ. ಕುದುರೆಗೆ ಲಾಳ ಹೊಡೆಯುವವನು ಕುದುರೆ ಕಂಡರೆ ಓಡುತ್ತಿದ್ದ. ಹೊಳೆ ದಾಟಿಸುವ ಹರಿಗೋಲಿನವನಂತೂ ಒಂದು ಮದುವೆ ದಿಬ್ಬಣವನ್ನು ನಡುನೀರಲ್ಲಿ ಗಿರಗಿರ ತಿರುಗಿಸಿ, ಮದುಮಗನ ಬಾಸಿಂಗ ನೀರುಪಾಲು ಮಾಡಿ, ಈಜಿ ಊರು ಬಿಟ್ಟು ಹೋದ.

ಹರಿಗೋಲಿನ ಕೆಲಸ ಖಾಲಿಯಾಗಿದೆ ಎಂದು ಡಂಗುರ ಬಂತು. ಊರ ತುದಿಯ ಗುಡಿಸಲಲ್ಲಿ ಹುಲಿಗೆವ್ವ ಎಂಬ ಹುಡುಗಿ ಅದನ್ನು ಕೇಳಿದಳು.

ಹುಲಿಗೆವ್ವನ ತಾಯಿ ಯಂಕವ್ವ ಗೌಡನ ಮನೆಯಲ್ಲಿ ಮುಸುರೆ ತಿಕ್ಕಿ ಬದುಕು ಸವೆಸಿದವಳು. ಈಗ ಅವಳ ಬೆರಳು ಮಡಚುತ್ತಿರಲಿಲ್ಲ. ಗೌಡ ಹೇಳಿ ಕಳಿಸಿದ್ದ: “ನಿನ್ನ ಕೈ ಸೋತಾವು. ಮಳಿಗಾಲ ಮುಗಿಯೂದ್ರಾಗ ಮಗಳನ್ನ ಕಳಿಸು. ಇಲ್ಲಾಂದ್ರ ಗುಡಿಸಲು ಖಾಲಿ ಮಾಡು.” ಗುಡಿಸಲು ನಿಂತ ಜಾಗ ಗೌಡನದು. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ತಾಯಿ ಇಳಿಸಿಟ್ಟ ಮುಸುರೆ ಬಾನಿ ಮಗಳ ಕೈಗೆ ಬರುತ್ತಿತ್ತು, ಆಮೇಲೆ ಮಗಳ ಮಗಳ ಕೈಗೆ.

ಹುಲಿಗೆವ್ವ ಎಲ್ಲರಂತೆ ಹುಲ್ಲು ಕಚ್ಚಿ ಸಾಲಲ್ಲಿ ನಿಂತಳು. ಅವಳ ಪಕ್ಕದವನು ಬೆನ್ನ ಮೇಲೆ ತುಂಬಿದ ಕೊಡ ಇಟ್ಟರೂ ಉರುಳದಷ್ಟು ಬಗ್ಗಿದ್ದ. ಕೆಲಸ ಅವನಿಗೇ ಆಯಿತು. ಹುಲಿಗೆವ್ವ ಹಲ್ಲು ಹಸಿರು ಮಾಡಿಕೊಂಡು ಮನೆಗೆ ಬಂದಳು.

ಯಂಕವ್ವ ಕೇಳಿದಳು: “ನಿನಗ ಹುಟ್ಟು ಹಾಕಾಕ ಬರ್ತೈತೇನು?”

“ಇಲ್ಲಬೇ.”

“ಮತ್ತ ಯಾವ ಧೈರ್ಯದ ಮ್ಯಾಲ ಕೇಳಾಕ ಹೋಗಿದ್ದಿ?”

“ಕೇಳಾಕ ಎಲ್ಲಿ ಬಿಟ್ರು? ಬಾಯಾಗ ಹುಲ್ಲಿತ್ತು.”

“ಹುಲ್ಲು ತೆಗೆದಿದ್ರ ಏನಂತಿದ್ದಿ?”

ಅವರ ತಪ್ಪು ಅವರದು, ಅದನ್ನು ಬೈಯುವುದು ಸುಲಭ. ಆದರೆ ಹುಲ್ಲಿನ ಹಿಂದೆ ಹೇಳುವ ಮಾತೇ ಇರಲಿಲ್ಲವಲ್ಲ ಎಂದು ಹುಲಿಗೆವ್ವನಿಗೆ ಚುರುಕ್ ಅಂದಿತು. ಕಲಿಸುವವರನ್ನು ಹುಡುಕಿ ಹೊರಟಳು.

ಹೊಳೆಯ ಮೇಲ್ಮಗ್ಗುಲಲ್ಲಿ ಮೇದಾರ ದುರುಗವ್ವ ಬಿದಿರು ಸೀಳಿ ಹರಿಗೋಲು ಹೆಣೆಯುತ್ತಿದ್ದಳು. ನಾಲಿಗೆ ಬಿದಿರಿನ ಸಿಬಿರಿಗಿಂತ ಚೂಪು.

“ದುರುಗಮ್ಮಾಯಿ, ನನಗ ಕಲಿಸು,” ಅಂದಳು ಹುಲಿಗೆವ್ವ.

“ನಾನೇನು ಸಾಲಿ ಇಟ್ಟೀನೇನು? ಹೋಗ.”

ಮರುದಿನ ಹುಲಿಗೆವ್ವ ಮತ್ತೆ ಹೋದಳು. ಮಾತಾಡಲಿಲ್ಲ, ಬಿದಿರು ಹೊತ್ತು ತಂದು ಹಾಕಿದಳು. ಅದರ ಮರುದಿನವೂ ಹೋದಳು. ಒಂದು ದಿನ ಮುದುಕಿಯೇ ಕೇಳಿದಳು: “ಅಲ್ಲಬೇ, ನಿನ್ನಷ್ಟು ದಪ್ಪ ಚರ್ಮ ಸಿಕ್ಕಿದ್ರ ಹರಿಗೋಲಿಗಾದ್ರೂ ಹೊದಿಸ್ತಿದ್ದೆ. ಏನ್ ಬೇಕು ನಿನಗ?”

“ಇದು ನೀರಾಗ ಯಾಕ ತಿರುಗತೈತಿ, ಅದು ಬೇಕು.”

ದುರುಗವ್ವ ಕೈ ನಿಲ್ಲಿಸಿದಳು. ಹರಿಗೋಲು ಬೇಕೆಂದು ಬಂದವರು ಬಹಳ ಜನ, ಹೀಗೆ ಕೇಳಿದವರು ಯಾರೂ ಇರಲಿಲ್ಲ. “ಕುಂಡ್ರು ಇಲ್ಲಿ,” ಅಂದಳು. “ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ. ಸುತ್ತ ಕುಂತವರ ಭಾರ ಒಂದ ಸಮ ಇರಬೇಕು. ಒಬ್ಬ ವಾಲಿದ್ರ ಎಲ್ಲಾರೂ ನೀರಿಗೆ. ಅರಸ ಆದ್ರೂ ಅಷ್ಟ, ಅಗಸ ಆದ್ರೂ ಅಷ್ಟ.”

ಹುಟ್ಟು ಹಿಡಿಯುವುದನ್ನೂ ಅವಳೇ ಕಲಿಸಿದಳು. ಆದರೆ ಕೊನೆಗೆ ಅಂದಳು: “ನನಗ ಹರಿಗೋಲು ಗೊತ್ತು, ಹೊಳಿ ಗೊತ್ತಿಲ್ಲ. ಹೊಳಿ ಗೊತ್ತಿದ್ದವರನ್ನ ಕೇಳು.”

ಹೊಳೆ ಗೊತ್ತಿದ್ದದ್ದು ಒಂದು ಮುದಿ ಎಮ್ಮೆಗೆ. ಆಚೆ ದಂಡೆಯ ಹುಲ್ಲಿಗಾಗಿ ಅದು ದಿನವೂ ಹೊಳೆ ದಾಟುತ್ತಿತ್ತು, ಮಳೆಯಿರಲಿ ಮಹಾಪೂರವಿರಲಿ. ಹುಲಿಗೆವ್ವ ದಂಡೆಯಲ್ಲಿ ಕೈಮುಗಿದಳು. ಎಮ್ಮೆ ಮೆಲುಕು ನಿಲ್ಲಿಸದೆ ಮಾತಾಡಿತಂತೆ.

“ಕೈ ಮುಗೀಬ್ಯಾಡ, ಮೈ ತಿಕ್ಕು.”

ಹುಲಿಗೆವ್ವ ಮೈ ತಿಕ್ಕಿದಳು. ಎಮ್ಮೆ ಕಣ್ಣು ಅರ್ಧ ಮುಚ್ಚಿತು.

“ಹೊಳಿಗೆ ಅಂಜಿ ಓಡಬ್ಯಾಡ, ಸಿಟ್ಟಿಗೆದ್ದು ಎದಿನೂ ಕೊಡಬ್ಯಾಡ. ಮ್ಯಾಲ ಇಳಿ, ಓರೆ ಹೋಗು, ಕೆಳಗ ಹತ್ತು. ಅಲ್ಲಿ ಸಣ್ಣಗ ಬೆನ್ನು ಕಾಣ್ತೈತಲ್ಲ, ಅದು ಬಂಡಿಗಲ್ಲು. ಬಂಡಿ ಕೆಳಗ ಸುಳಿ. ಇನ್ನ ನನ್ನ ಬಾಲ ಹಿಡಿ, ಬಾಯಿ ಮುಚ್ಚು.”

ಮಳೆಗಾಲವೆಲ್ಲ ಹುಲಿಗೆವ್ವ ಎಮ್ಮೆಯ ಬಾಲ ಹಿಡಿದು ಹೊಳೆ ದಾಟಿದಳು. ಊರಿನವರು ನಕ್ಕರು. “ಯಂಕವ್ವನ ಮಗಳು ಎಮ್ಮಿ ಹತ್ರ ಶಾಣೇತನ ಕಲಿಯಾಕ ಹತ್ಯಾಳ,” ಅಂದರು. ನಗಲಿ. ನಕ್ಕವರಿಗೆ ಸುಳಿ ಎಲ್ಲಿದೆ ಎಂದು ಗೊತ್ತಿರಲಿಲ್ಲ, ಅವಳಿಗೆ ಗೊತ್ತಾಯಿತು.

ದುರುಗವ್ವನ ಹೊಸ ಹರಿಗೋಲಲ್ಲಿ ಅವಳು ಮೊದಲು ದಾಟಿಸಿದ್ದು ಉಪ್ಪಿನ ಫಕೀರವ್ವನನ್ನು. ಫಕೀರವ್ವ ಊರೂರು ತಿರುಗಿ ಉಪ್ಪು ಮಾರುವವಳು. ಬುಟ್ಟಿಯಲ್ಲಿ ಒಂದು ಹರಳೂ ನೆನೆಯದೆ ಹರಿಗೋಲು ದಡ ಮುಟ್ಟಿತು.

“ಕೈ ಭಾಳ ಚಲೋ ಐತಿ. ಅರಮನಿಗೆ ಹೋಗಿ ಹೇಳು,” ಅಂದಳು ಫಕೀರವ್ವ.

“ಹೆಂಗ ಹೇಳಲಿ ಅತ್ತಿ? ‘ನನಗೊಂದು ಕೆಲಸ ಕೊಡ್ರಿ, ನಿಮ್ಮ ಕಾಲು ಹಿಡೀತೀನಿ’ ಅನ್ನಲೇನು?”

“ಹುಚ್ಚಿ. ನಾ ಓಣ್ಯಾಗ ನಿಂತು ‘ಉಪ್ಪು ತಗೋರಿ, ನಿಮ್ಮ ಕಾಲು ಹಿಡೀತೀನಿ’ ಅಂತೀನೇನು? ‘ಉಪ್ಪು ಬಂತು’ ಅಂತೀನಿ. ಸಾರು ಸಪ್ಪಗಾದವರು ತಾವ ಬಾಗಲಾ ತೆಗೀತಾರ.”

“ಬ್ಯಾಡ ಅಂದ್ರ?”

“ಮುಂದಿನ ಮನಿಗೆ ಹೋಗ್ತೀನಿ. ಬ್ಯಾಡ ಅಂದದ್ದು ಉಪ್ಪಿಗೆ, ನನಗಲ್ಲ. ಅವರ ಮನ್ಯಾಗ ಇವತ್ತು ಉಪ್ಪು ಐತಿ, ಅಷ್ಟ.”

ಹುಲಿಗೆವ್ವ ಈ ಮಾತನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಳು.

ಇತ್ತ ಮಳೆಗಾಲ ಮುಗಿಯುತ್ತ ಬಂತು. ಅರಮನೆಯ ಹೊಸ ಹರಿಗೋಲಿನವನು ಸದಾ ಬಗ್ಗಿ ಬಗ್ಗಿ ತನ್ನ ಕಾಲುಬೆರಳು ಬಿಟ್ಟರೆ ಏನೂ ಕಾಣದವನಾಗಿದ್ದ. ಒಂದು ದಿನ ಎದುರಿನ ದಂಡೆ ಕಾಣದೆ ತೇಲುತ್ತ ತೇಲುತ್ತ ಯಾವುದೋ ಬೇರೆ ರಾಜ್ಯಕ್ಕೆ ಹೋಗಿಬಿಟ್ಟ. ಅದೇ ಹೊತ್ತಿಗೆ ಆಚೆ ದಂಡೆಯಲ್ಲಿ ಅರಸನ ತಂಗಿಗೆ ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕಲು ಸೋದರಮಾವ ಬರಬೇಕು. ಆದರೆ ಮೊದಲಿನಿಂದಲೂ ಅರಸ ಯಾವಾಗ ಹರಿಗೋಲು ಹತ್ತಿದರೂ ಅದು ಮಗುಚಿಕೊಳ್ಳುತ್ತಿತ್ತು. ತೊಯ್ದು ತೊಯ್ದು ಹಿಂದೆ ಬಂದಿದ್ದ.

ಮತ್ತೆ ಡಂಗುರ, ಮತ್ತೆ ಸಾಲು, ಮತ್ತೆ ಹುಲ್ಲು. ಹುಲಿಗೆವ್ವ ಹೆಗಲ ಮೇಲೆ ಹುಟ್ಟು ಇಟ್ಟುಕೊಂಡು ನೆಟ್ಟಗೆ ನಡೆದು ಬಂದಳು.

ಬಾಗಿಲು ಕಾಯುವವನು ತಡೆದ. “ಏ ಹುಡುಗಿ, ಹುಲ್ಲೆಲ್ಲಿ?”

“ಎಮ್ಮಿ ತಿಂತು.”

ಸಾಲಿನಲ್ಲಿದ್ದವರು ನಗಲು ಹೋಗಿ ಹುಲ್ಲು ಗಂಟಲಿಗೆ ಸಿಕ್ಕಿ ಕೆಮ್ಮಿದರು. ಗದ್ದಲಕ್ಕೆ ಅರಸ ಉಪ್ಪರಿಗೆಯಿಂದ ಇಣುಕಿದ. ಹುಲಿಗೆವ್ವ ತಲೆ ಎತ್ತಿ, ಓಣಿಯಲ್ಲಿ ಉಪ್ಪು ಸಾರುವಂತೆ ಸಾರಿದಳು:

“ಹರಿಗೋಲಿನಾಕಿ ಬಂದೀನಿ. ಹೊಳಿ ದಾಟೋರು ಅದೀರೇನು?”

ಅಂಥ ಮಾತು ಆ ಬಾಗಿಲಲ್ಲಿ ಯಾರೂ ಆಡಿರಲಿಲ್ಲ. ಮಂತ್ರಿ ಬುಸುಗುಡುತ್ತ ಬಂದ. “ಯಾರಬೇ ನಿನ್ನ ಗುರು? ಯಾರು ಕಳಿಸಿದ್ರು ನಿನ್ನ?”

“ಗುರು ಮೂವರು. ಮೇದಾರ ದುರುಗವ್ವ, ಉಪ್ಪಿನ ಫಕೀರವ್ವ, ಹೊಳಿ ದಾಟೋ ಮುದಿ ಎಮ್ಮಿ. ಯಾರೂ ಕಳಿಸಿಲ್ಲ, ನಾನ ಬಂದೀನಿ.”

ಮಂತ್ರಿ ಹೊಟ್ಟೆ ಹಿಡಿದು ನಕ್ಕ. ಹುಲಿಗೆವ್ವ ನಗಲೂ ಇಲ್ಲ, ಕೆಂಪಾಗಲೂ ಇಲ್ಲ. ಕಲಿಸಿದವರ ಹೆಸರು ಹೇಳಲು ನಾಚಿಕೆ ಯಾಕೆ? ಅವನ ಬಳಿ ಹೇಳಲು ಒಂದು ಹೆಸರೂ ಇರಲಿಲ್ಲ.

ಮೇಲಿನಿಂದ ಅರಸ ಕೇಳಿದ: “ದಾಟಿಸ್ತೀಯೇನವ್ವ?”

“ದಾಟಿಸ್ತೀನ್ರಿ. ಹರಿಗೋಲಿನಾಗ ಮಾತ್ರ ನಾ ಹೇಳಿದಂಗ ಕೇಳಬೇಕು.”

ಅರಸ ಹತ್ತಿದ, ಮಂತ್ರಿ ಹತ್ತಿದ, ಹಿಂಬಾಲಕರು ಇಬ್ಬರು ಹತ್ತಿದರು. ಹುಲಿಗೆವ್ವ ಎಲ್ಲರನ್ನೂ ಸುತ್ತ ಸಮವಾಗಿ ಕೂರಿಸಿ, ಮೇಲೆ ಇಳಿದು, ಓರೆ ಹಿಡಿದು ಹುಟ್ಟು ಹಾಕಿದಳು. ಹರಿಗೋಲು ಹಂಸದ ಹಾಗೆ ಹೊರಟಿತು.

ನಡುಹೊಳೆಯಲ್ಲಿ ಅರಸ ಅಂದ: “ಗಾಳಿ ಜೋರೈತಿ ಇವತ್ತು.”

“ಹೌದು ದೊರೆ,” ಎಂದು ಮಂತ್ರಿಯೂ ಹಿಂಬಾಲಕರೂ ಒಟ್ಟಿಗೆ ಅವನ ಕಡೆ ಬಗ್ಗಿದರು. ಹರಿಗೋಲು ವಾಲಿತು. ನೀರು ಒಳಗೆ ಬಂತು.

“ಬಗ್ಗಬ್ಯಾಡ್ರಿ,” ಅಂದಳು ಹುಲಿಗೆವ್ವ.

“ದೊರೆ ಮಾತಾಡಿದಾಗ ಬಗ್ಗದ ಇರಾಕ ಬರ್ತೈತೇನಬೇ?” ಎಂದ ಮಂತ್ರಿ.

“ಏನಾತು?” ಎಂದ ಅರಸ. ಮೂವರೂ ಮತ್ತೆ ಬಗ್ಗಿದರು. ಹರಿಗೋಲು ಮತ್ತೂ ವಾಲಿ, ಸೆಳವಿಗೆ ಸಿಕ್ಕಿ, ಒಂದು ಸುತ್ತು ತಿರುಗಿತು. ಕೆಳಗೆ ಬಂಡೆಯ ಬೆನ್ನು ಕಂಡಿತು. ಹುಲಿಗೆವ್ವನಿಗೆ ಗೌಡನ ಹಿತ್ತಿಲ ಮುಸುರೆ ಬಾನಿ ಕಣ್ಣಿಗೆ ಕಟ್ಟಿತು. ಇಲ್ಲಿ ಮಗುಚಿದರೆ ಜೀವ ಉಳಿದೀತು, ಕೆಲಸ ಉಳಿಯದು. ಅವಳು ಹುಟ್ಟನ್ನು ಸೆಳವಿಗೆ ಒತ್ತಿ ಹಿಡಿದು ದನಿ ಎತ್ತಿದಳು:

“ನನ್ನ ಹರಿಗೋಲಿನಾಗ ಯಾರೂ ಬಗ್ಗೋ ಹಂಗಿಲ್ಲ. ನೆಟ್ಟಗ ಕುಂಡ್ರಿ. ದೊರೆ, ಇಷ್ಟು ದಿನ ನಿಮ್ಮನ್ನ ಹೊಳಿ ಮುಳುಗಿಸಿಲ್ಲ, ಇವರ ಬೆನ್ನು ಮುಳುಗಿಸ್ಯಾವು.”

ಅರಸ ಮಂತ್ರಿಯನ್ನು ನೋಡಿದ, ವಾಲಿದ ಅಂಚನ್ನು ನೋಡಿದ, ಒಳಗೆ ಬಂದ ನೀರನ್ನು ನೋಡಿದ. ಹೌದಲ್ಲ ಅನ್ನಿಸಿತು. “ಆಕಿ ಹೇಳಿದಂಗ ಕುಂಡ್ರಿ,” ಅಂದ. ಮಂತ್ರಿ ನೆಟ್ಟಗೆ ಕುಳಿತ. ಎಷ್ಟೋ ವರ್ಷದಿಂದ ನೆಟ್ಟಗಾಗದ ಬೆನ್ನು ಲಟಲಟ ಅಂದಿತಂತೆ. ಹರಿಗೋಲು ಸಮವಾಯಿತು. ಹುಲಿಗೆವ್ವ ಬಂಡೆಯನ್ನು ಒಂದು ಮೊಳ ದೂರದಲ್ಲಿ ಬಿಟ್ಟು, ಸುಳಿಯನ್ನು ಓರೆಯಲ್ಲಿ ತಪ್ಪಿಸಿ, ಆಚೆ ದಂಡೆಗೆ ತಂದು ಮುಟ್ಟಿಸಿದಳು.

ಅರಸ ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕಿದ. ತಂಗಿಯ ಮನೆಯ ಅನ್ನ ಉಂಡ. ಒಂದು ತುತ್ತು ಉಂಡು ತಂಗಿಯ ಕಡೆ ತಿರುಗಿದ. “ಅನ್ನ ಅಂದ್ರ ಹಿಂಗಿರ್ತೈತೇನು?” ಎಂದು ಕೇಳಿದನಂತೆ.

ಆಮೇಲೆ ಹುಲಿಗೆವ್ವನನ್ನು ಕರೆದ. “ಏನ್ ಬೇಡ್ತಿ, ಬೇಡವ್ವ.”

“ಬೇಡಾಕ ಬಂದಿಲ್ರಿ, ದುಡಿಯಾಕ ಬಂದೀನಿ. ಹರಿಗೋಲಿನ ಕೆಲಸ ನನಗ ಬರ್ತೈತಿ, ನೀವ ನೋಡೀರಿ. ಅದು ನಂದು. ಹಂಗ ನಿಮ್ಮ ಬಾಗಲದಾಗ ನಿಂತವರ ಬಾಯಾಗಿನ ಹುಲ್ಲು ತೆಗಸ್ರಿ. ಅವರಿಗೆ ಏನು ಬರ್ತೈತಿ ಅಂತ ಕೇಳ್ರಿ. ಬರದಿದ್ರ ಯಾರ ಹತ್ರ ಕಲೀಬೇಕು ಅಂತ ಹೇಳ್ರಿ.”

ಹಾಗೆಯೇ ಆಯಿತು. ಬಾಗಿಲಲ್ಲಿ ಅಂದಿನಿಂದ ಮಾತು ಕೇಳಿಸಿತು. ಅಡುಗೆ ಬರುವವರು ಅಡುಗೆಮನೆಗೆ ಹೋದರು, ಕುದುರೆ ಗೊತ್ತಿದ್ದವರು ಲಾಯಕ್ಕೆ ಹೋದರು. ಮಂತ್ರಿಯನ್ನು ಕರೆದು ಅರಸ “ನಿನಗ ಏನು ಬರ್ತೈತಿ?” ಎಂದು ಕೇಳಿದ. ಮಂತ್ರಿ ಬೆನ್ನು ಬಗ್ಗಿಸಿ ತೋರಿಸಿದ. ಅವನನ್ನು ದುರುಗವ್ವನ ಬಳಿ ಬಿದಿರು ಹೊರಲು ಕಳಿಸಿದರು. “ಬೆನ್ನೇನೋ ಹದವಾಗೈತಿ,” ಅಂದಳಂತೆ ಮುದುಕಿ.

ಹುಲಿಗೆವ್ವ ಹರಿಗೋಲು ನಿಲ್ಲುವ ಕಡವಿನಲ್ಲೇ ಮನೆ ಕಟ್ಟಿ ತಾಯಿಯನ್ನು ಕರೆತಂದಳು. ಒಂದು ದಿನ ಗೌಡ ಹೊಳೆ ದಾಟಲು ಬಂದ. ಯಂಕವ್ವ ದಂಡೆಯ ಮೇಲೆ ಕಾಲು ಚಾಚಿ ಕುಳಿತವಳು ಏಳಲಿಲ್ಲ. “ಕುಂಡ್ರಿ ಗೌಡ್ರ, ಎಲ್ಲಾರ ಜೋಡಿ,” ಎಂದಳು ಹುಲಿಗೆವ್ವ. ಗೌಡ ಎಲ್ಲರ ಜೊತೆ ಕುಳಿತ. ಮಗಳು ಹುಟ್ಟು ಹಾಕುವುದನ್ನು ನೋಡುತ್ತ ಯಂಕವ್ವನ ಎದೆ ಹೊಳೆಯಷ್ಟು ಅಗಲವಾಗಿತ್ತಂತೆ.

ಕಡವಿಗೆ ಬಂದು “ಅಕ್ಕಾ, ನನಗ ಕಲಿಸು” ಅಂದವರನ್ನು ಹುಲಿಗೆವ್ವ ಒಂದು ದಿನವೂ ತಿರುಗಿಸಿ ಕಳಿಸಲಿಲ್ಲ. ಸಾಲಿ ಇಟ್ಟಿಲ್ಲ ಅನ್ನಲೂ ಇಲ್ಲ.

ಅವರು ಆಚೆ ದಂಡೆಯಲ್ಲಿ ಚೆನ್ನಾಗಿದ್ದಾರೆ. ನಾವು ಈಚೆ ದಂಡೆಯಲ್ಲಿ ಕುಳಿತು ಕಥೆ ಕೇಳುತ್ತಿದ್ದೇವೆ. ಕೇಳಿದ್ದು ಸಾಕು. ನಿಮಗೆ ಒಂದು ಕೆಲಸ ಬರುತ್ತಿದ್ದರೆ ನಾಳೆ ಒಬ್ಬರನ್ನು ಕರೆದು ಕಲಿಸಿ. ಬರದಿದ್ದರೆ ನಾಳೆ ಒಬ್ಬರ ಬಾಗಿಲಿಗೆ ಹೋಗಿ, ಕಲಿಸು ಅನ್ನಿ. ಏಳಿ.