ಮೂರನೆಯವಳ ರುಜು

ಈ ಕಥೆಯನ್ನು ನಮ್ಮೂರಲ್ಲಿ ಮೊದಲು ಹೇಳಿದವರು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದ ಫಕೀರಪ್ಪ ಮಾಸ್ತರರು. ಅವರು ನಿಧಾನವಾಗಿ ಹೇಳಿದರು. ಓದುವವರೂ ನಿಧಾನವಾಗಿಯೇ ಓದಿಕೊಳ್ಳಬೇಕು.

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ರೇವಣಯ್ಯ ಅಜ್ಜಾರು ಎಂಬ ಹಿರಿಯರಿದ್ದರು. ಬೆಳಿಗ್ಗೆ ಪೂಜೆ, ಆಮೇಲೆ ಕಂಪ್ಯೂಟರು. ಎರಡನ್ನೂ ಒಂದೇ ಮಣೆಯ ಮೇಲೆ ಕುಳಿತು ಮಾಡುತ್ತಿದ್ದರು.

ಹೊಳೆಯ ಆಚೆ ದಂಡೆಯ ಊರಿನಲ್ಲಿ ನೀಲವ್ವ ಎಂಬ ಹೆಣ್ಣುಮಗಳು. ಮನೆ ಮಾರು ನೋಡಿಕೊಂಡು, ಆರು ವರ್ಷದಿಂದ ಅಜ್ಜಾರ ಹತ್ತಿರ ಕಂಪ್ಯೂಟರ್ ವಿದ್ಯೆ ಕಲಿಯುತ್ತಿದ್ದಳು.

ಅವರ ಕೆಲಸ ಇಂಥದು. ಕ್ರಿಪ್ಟೋ ಹಣ ಎಂಬುದೊಂದು ಇದೆಯಷ್ಟೆ. ಅದಕ್ಕೆ ಬ್ಯಾಂಕಿಲ್ಲ, ಯಜಮಾನನಿಲ್ಲ. ಬೇಕಾದವರು ತಮ್ಮ ಮನೆಯ ಕಂಪ್ಯೂಟರಿನಲ್ಲಿ ಅದರ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ. ಅಂಥ ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ. ಪ್ರತಿ ನೋಡೂ ಇಡೀ ದಾಖಲೆಯನ್ನು ತಾನೇ ಇಟ್ಟುಕೊಂಡು, ಬಂದದ್ದನ್ನೆಲ್ಲ ತಾನೇ ಪರೀಕ್ಷಿಸುತ್ತದೆ. ಪಕ್ಕದ ನೋಡ್ ಸರಿ ಅಂದಿತೆಂದು ಒಪ್ಪುವುದಿಲ್ಲ.

ಆ ಸಾಫ್ಟ್‌ವೇರಿನ ಮೂಲ ಬರಹ ಎಲ್ಲರಿಗೂ ತೆರೆದದ್ದು. ಹೊಸ ಆವೃತ್ತಿ ಹೊರಡುವ ಮುಂಚೆ ಮೂವರು, ಮೂರು ಬೇರೆ ಬೇರೆ ಮನೆಗಳಲ್ಲಿ, ಆ ಬರಹದಿಂದ ಸಾಫ್ಟ್‌ವೇರನ್ನು ತಾವೇ ಕಟ್ಟಿ ನೋಡಬೇಕು. ಕಟ್ಟಿ ಮುಗಿದಾಗ ಅದಕ್ಕೊಂದು ಗುರುತು ಬರುತ್ತದೆ, ಅರವತ್ತನಾಲ್ಕು ಅಕ್ಷರದ್ದು. ಬರಹ ಒಂದೇ ಇದ್ದರೆ ಯಾರು ಕಟ್ಟಿದರೂ ಗುರುತೂ ಒಂದೇ. ತಮಗೆ ಬಂದ ಗುರುತನ್ನು ಎಲ್ಲರೂ ಕಾಣುವಂತೆ ಬರೆದು, ಕೆಳಗೆ ರುಜು ಹಾಕಬೇಕು. ಮೂರೂ ಒಂದೇ ಇದ್ದರೆ ಆವೃತ್ತಿ ಹೊರಡುತ್ತದೆ. ಒಂದಕ್ಷರ ಬೇರೆಯಾದರೂ ಎಲ್ಲೋ ಏನೋ ತಪ್ಪಿದೆ, ಇಲ್ಲವೇ ಬೆರೆತಿದೆ ಎಂದೇ ಅರ್ಥ.

ಮೂವರೆಂದರೆ ಅಜ್ಜಾರು, ಹೊಸದಾಗಿ ಸೇರಿದ ನೀಲವ್ವ, ಮತ್ತು ಸಮುದ್ರದಾಚೆಯ ಮಾರ್ತಾ ಎಂಬಾಕೆ. ಮಾರ್ತಾಳ ಮುಖವನ್ನು ಇವರಿಬ್ಬರೂ ಕಂಡವರಲ್ಲ.

ಆ ಸಲದ ಆವೃತ್ತಿಯಲ್ಲಿ ಬದಲಾವಣೆ ಬಹಳ. ಅಜ್ಜಾರು ಆ ಪಟ್ಟಿಯನ್ನು ಪುರಾಣ ಓದಿದ ಹಾಗೆ ಓದಿ ಹೇಳಿದ್ದರು.

“ಹಳೇ ನಮೂನಿ ವ್ಯಾಲೆಟ್, ಅಂದ್ರ ಈ ಹಣ ಇಡೂ ಚೀಲ, ಇನ್ನ ತೆರಿಯೂದಿಲ್ಲ. ಮೊದಲ ಹೊಸ ನಮೂನಿಗೆ ಬದಲಿಸ್ಕೋಬೇಕು. ನೋಡ್ ನೋಡ್ ನಡುವಿನ ಮಾತು ಇನ್ನ ಮುಚ್ಚಿದ ಲಕೋಟಿಯೊಳಗ ಹೋಗ್ತಾವ.”

“ಮಂದಿ ಒಪ್ಪದಿದ್ರ, ಅಜ್ಜಾರ?”

“ಒಪ್ಪದವರು ಹಳೇದನ್ನ ಇಟ್ಕೋತಾರ. ಇದು ಸರಕಾರದ ಹುಕುಂ ಅಲ್ಲ, ತಂಗಿ. ಯಾರ ಮನಿಯೊಳಗೂ ತಾನಾಗಿ ಹೋಗೂದಿಲ್ಲ.”

ರುಜುವಿನ ದಿನ ಬಂತು. ನೀಲವ್ವ ದೇವರಿಗೆ ಊದಿನಕಡ್ಡಿ ಹಚ್ಚಿ, ಬೆಳಿಗ್ಗೆ ಏಳಕ್ಕೆ ಕಟ್ಟಲು ಇಟ್ಟಳು. ಅವಳ ಕಂಪ್ಯೂಟರಿಗೆ ಅದು ಐದು ತಾಸಿನ ಕೆಲಸ. ಹತ್ತಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮತ್ತೆ ಮೊದಲಿನಿಂದ ಇಟ್ಟಳು. ಮೂರಕ್ಕೆ ಮತ್ತೆ ಹೋಯಿತು.

ಐದಕ್ಕೆ ಬಂತು. ಆರರೊಳಗೆ ರುಜು ಆಗಬೇಕೆಂದು ಗೊತ್ತುಮಾಡಿದ್ದರು. ಐದು ತಾಸು ಎಲ್ಲಿಂದ ತರುವುದು?

ನೋಡಿದಳು. ಅಜ್ಜಾರ ಗುರುತು ಆಗಲೇ ಬಂದು ಕುಳಿತಿತ್ತು.

ಗುರುವಿಗೆ ಒಂದು ಬಂದು ನನಗೆ ಇನ್ನೊಂದು ಬಂದೀತೆ, ಅಂದುಕೊಂಡಳು. ಆ ಅರವತ್ತನಾಲ್ಕು ಅಕ್ಷರಕ್ಕೆ ಕೈಮುಗಿದಳು. ಅವನ್ನೇ ನಕಲು ಮಾಡಿ ಕೆಳಗೆ ತನ್ನ ರುಜು ಹಾಕಿದಳು.

ಆರಕ್ಕೆ ಸ್ವಲ್ಪ ಮುಂಚೆ ಮಾರ್ತಾಳದು ಬಂತು. ಅದು ಬೇರೆಯೇ ಇತ್ತು.

ಆ ಕೆಲಸದಲ್ಲಿದ್ದವರೆಲ್ಲ ಬರೆಯತೊಡಗಿದರು. ಒಬ್ಬ ಅಂದ: “ಇಬ್ಬರದು ಒಂದೇ ಇದೆ. ಮಾರ್ತಾ, ನಿನ್ನ ಕಂಪ್ಯೂಟರಿಗೆ ಯಾರೋ ಕೈಹಾಕಿದ್ದಾರೆ.” ಇನ್ನೊಬ್ಬ ಅಂದ: “ಯಾರೋ ಯಾಕೆ, ಅವಳೇ ಏನೋ ಬೆರೆಸಿರಬೇಕು.”

ಮಾರ್ತಾ ಬರೆದಳು: “ನಾಲ್ಕು ಸಲ ಕಟ್ಟಿದೆ. ನಾಲ್ಕು ಸಲವೂ ಇದೇ ಬಂತು.”

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಳೆ ಮಧ್ಯಾಹ್ನ ಹನ್ನೆರಡರವರೆಗೆ ಅವಳು ಕಾರಣ ಹೇಳದಿದ್ದರೆ ಅವಳ ಹೆಸರನ್ನು ತೆಗೆದು, ಇಬ್ಬರ ರುಜುವಿನ ಮೇಲೆಯೇ ಆವೃತ್ತಿಯನ್ನು ಹೊರಡಿಸುವುದೆಂದು ತೀರ್ಮಾನವಾಯಿತು.

ನೀಲವ್ವ ಮತ್ತೆ ಕಟ್ಟಲು ಇಟ್ಟು ಮಲಗಿದಳು. ಆ ರಾತ್ರಿ ಕರೆಂಟು ಹೋಗಲಿಲ್ಲ. ಬೆಳಿಗ್ಗೆ ಎದ್ದು ಅಕ್ಷರಕ್ಕೆ ಅಕ್ಷರ ಇಟ್ಟು ನೋಡಿದಳು. ಬಂದದ್ದು ಮಾರ್ತಾಳದು.

ಹೊಳೆ ದಾಟಿ ಆಶ್ರಮಕ್ಕೆ ಬಂದಳು. ಅಡುಗೆಯ ಈರವ್ವ ಅಂಗಳದಲ್ಲೇ ತಡೆದಳು.

“ಏನ ಯವ್ವಾ, ಮಾರಿ ಸುಟ್ಟ ಬದನಿಕಾಯಿ ಆಗೇತಲ್ಲ! ಗಂಡನ ಜೋಡಿ ಜಗಳೋ, ಕಂಪ್ಯೂಟರ್ ಜೋಡಿನೋ?”

“ನನ್ನ ಜೋಡಿನ, ಈರವ್ವ. ಅಜ್ಜಾರು ಎಲ್ಲದಾರ?”

ಅಜ್ಜಾರು ಹೊಳೆಯ ಮೆಟ್ಟಿಲಲ್ಲಿ ಧೋತರ ಹಿಂಡುತ್ತಿದ್ದರು.

“ಅಜ್ಜಾರ, ಮಾರ್ತಾಂದು ಸರಿ ಐತ್ರಿ.”

“ಹೆಂಗ ಗೊತ್ತಾತು?”

“ನಾ ಕಟ್ಟಿ ನೋಡಿದೆ. ಆಕಿದ ಬಂತು.”

“ನಿನ್ನೆ ನಿನಗ ನಂದು ಬಂದಿತ್ತಲ್ಲ?”

ನೀಲವ್ವ ನೀರು ನೋಡಿದಳು.

“ನಿನ್ನೆ ನಾ ಕಟ್ಟೇ ಇರಲಿಲ್ರಿ. ನಿಮ್ಮದು ನೋಡಿ ಬರದೆ.”

ಅಜ್ಜಾರು ಧೋತರವನ್ನು ಇನ್ನೊಮ್ಮೆ ಹಿಂಡಿದರು. ಅದರಲ್ಲಿ ನೀರು ಉಳಿದಿರಲಿಲ್ಲ.

“ಯಾಕ?”

“ಕರೆಂಟ್ ಇರಲಿಲ್ರಿ.”

“ಕರೆಂಟ್ ಇರಲಿಲ್ಲ ಅಂದ್ರ ರುಜೂನೂ ಇರಬಾರದಿತ್ತು. ಯಾಕ ಅಂತ ಕೇಳಿದೆ.”

“ನಿಮ್ಮ ಮ್ಯಾಲಿನ ನಂಬಿಗಿ, ಅಜ್ಜಾರ.”

ಇಬ್ಬರೂ ಒಳಗೆ ಹೋಗಿ ಕಂಪ್ಯೂಟರ್ ತೆರೆದರು. ಹುಡುಕುವುದು ಬಹಳ ಹೊತ್ತು ಹಿಡಿಯಲಿಲ್ಲ. ರುಜುವಿನ ಹಿಂದಿನ ದಿನ ಸಂಜೆ, ಬದಲಾವಣೆಯ ಪಟ್ಟಿಗೆ ಕೊನೆಯದಾಗಿ ಒಂದು ಸೇರಿತ್ತು. ಯಾರಾದರೂ ದುರುಳರು ಒಂದು ಬಗೆಯ ಸುಳ್ಳು ಸಂದೇಶ ಕಳಿಸಿದರೆ ನೋಡ್ ನಿಂತುಹೋಗುತ್ತಿತ್ತು. ಆ ತೂತನ್ನು ಮುಚ್ಚಿದ್ದರು. ಅಜ್ಜಾರು ಮೂಲ ಬರಹವನ್ನು ಇಳಿಸಿಕೊಂಡದ್ದು ಅದೇ ಹಿಂದಿನ ದಿನ ಬೆಳಿಗ್ಗೆ, ಅದು ಸೇರುವ ಮುಂಚೆ.

ಅಜ್ಜಾರು ತಮ್ಮ ಹಣೆ ತಟ್ಟಿಕೊಂಡು ನಕ್ಕರು.

“ನೋಡು, ಈ ಮುದುಕ ನಿನ್ನಿನ ಅನ್ನಾನ ಇವತ್ತಿನ ನೈವೇದ್ಯ ಮಾಡ್ಯಾನ.”

ನೀಲವ್ವನಿಗೆ ನಗು ಬರಲಿಲ್ಲ.

“ಇದ ಹೊರಗ ಹೋಗಿದ್ರ, ಅಜ್ಜಾರ?”

“ಸಾವಿರಾರು ಮನಿಗೆ ಆ ತೂತು ಹಂಗ ಹೋಗ್ತಿತ್ತು. ನಮ್ಮಿಬ್ಬರ ರುಜು ಹೊತ್ಕೊಂಡು.”

ಅಜ್ಜಾರು ಎಲ್ಲರೂ ಕಾಣುವಂತೆ ಬರೆದರು: “ನನ್ನದು ತಪ್ಪು. ಹಳೆಯ ಬರಹದಿಂದ ಕಟ್ಟಿದ್ದೆ. ರುಜು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ರೇವಣಯ್ಯ.”

“ಅಜ್ಜಾರ, ನಮ್ಮಿಬ್ಬರದೂ ತಪ್ಪು ಅಂತ ಬರೀರಿ. ಇಬ್ಬರೂ ಹಳೇ ಬರಹ ತಗೊಂಡಿದ್ವಿ ಅಂತ. ಯಾರೂ ಏನೂ ಅನ್ನೂದಿಲ್ಲ.”

“ನೀ ಹಳೇ ಬರಹ ತಗೊಂಡಿದ್ದೇನು?”

“ಇಲ್ರಿ.”

ಅಜ್ಜಾರು ಎದ್ದು, ತಮ್ಮ ಮಣೆಯನ್ನು ಅವಳಿಗೆ ಬಿಟ್ಟುಕೊಟ್ಟರು.

ಆರು ವರ್ಷದಲ್ಲಿ ಅವಳು ಆ ಮಣೆಯ ಮೇಲೆ ಕುಳಿತದ್ದಿಲ್ಲ. ಇಂದೂ ನಿಂತೇ ಇದ್ದಳು.

“ಬರದ್ರ ನನ್ನ ಹೆಸರು ತಗೀತಾರ್ರಿ.”

“ತಗೀತಾರ.”

“ಆರು ವರ್ಷ ಇದರ ಸಲುವಾಗಿ ಕಲತೇನಿ.”

“ಹೌದು.”

ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಅಜ್ಜಾರು ಒಪ್ಪಿಕೊಂಡದ್ದನ್ನು ಓದಿ ಯಾರೋ ಆಗಲೇ ಬರೆದಿದ್ದರು: “ಹಿರಿಯರು ದೊಡ್ಡ ಮನಸ್ಸಿನಿಂದ ತಪ್ಪು ಹೊತ್ತುಕೊಂಡಿದ್ದಾರೆ. ಆದರೆ ನೀಲವ್ವನದು ಅದೇ ಬಂದಿದೆಯಲ್ಲ? ಮಾರ್ತಾಳನ್ನು ನಂಬುವುದು ಹೇಗೆ?”

ನೀಲವ್ವ ಅದನ್ನು ಎರಡು ಸಲ ಓದಿದಳು. ಆಮೇಲೆ ಮಣೆಯ ಮೇಲೆ ಕುಳಿತಳು.

“ನಾನು ಕಟ್ಟಿರಲಿಲ್ಲ. ಗುರುಗಳದನ್ನು ನಕಲು ಮಾಡಿ ರುಜು ಹಾಕಿದೆ. ಈಗ ಕಟ್ಟಿದ್ದೇನೆ. ಮಾರ್ತಾಳದೇ ಬಂದಿದೆ. ನೀಲವ್ವ.”

ಹನ್ನೆರಡಕ್ಕೆ ಒಂದು ಹೆಸರು ತೆಗೆದರು. ಅದು ನೀಲವ್ವನದು. ಅವಳ ಜಾಗಕ್ಕೆ ಬೇರೊಬ್ಬರು ಬಂದರು. ಎಲ್ಲರೂ ಹೊಸದಾಗಿ ಕಟ್ಟಿ, ಆವೃತ್ತಿ ಮೂರು ದಿನ ತಡವಾಗಿ ಹೊರಟಿತು.

ಮಾರ್ತಾ ಅವಳಿಗೆ ಎರಡು ಸಾಲು ಬರೆದಿದ್ದಳು: “ಐದನೆಯ ಸಲ ಕಟ್ಟುತ್ತಾ ಕುಳಿತಿದ್ದೆ. ನನಗೇ ನನ್ನ ಮೇಲೆ ಅನುಮಾನ ಬಂದಿತ್ತು.”

ನೀಲವ್ವ ಅದನ್ನು ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾರನೆಯ ದಿನ ಆಶ್ರಮಕ್ಕೆ ಹೋಗಿ ಅಜ್ಜಾರ ಎದುರು ಕುಳಿತಳು.

“ಅಜ್ಜಾರ, ಗುರುವನ್ನ ನಂಬೂದು ತಪ್ಪೇನ್ರಿ?”

“ಮೂವರನ್ನ ಮೂರು ಮನಿಯೊಳಗ ಯಾಕ ಕುಂದರಿಸ್ಯಾರ?”

“ಒಬ್ಬರು ಎಡವಿದ್ರ ಇನ್ನೊಬ್ಬರಿಗೆ ಕಾಣಲಿ ಅಂತ.”

“ನಾ ಎಡವಿದೆ. ಆವಾಗ ನೀ ಎಲ್ಲಿದ್ದಿ?”

“ನಿಮ್ಮ ಕಾಲಾಗ ಬಿದ್ದಿದ್ದೆ, ಅಜ್ಜಾರ.”

ಅಜ್ಜಾರು ತಲೆದೂಗಿದರು.

“ಇನ್ನ ನಾ ಕಟ್ಟೂದು ಬಿಡಬೇಕೇನ್ರಿ?”

“ಹೆಸರು ತಗದಾರ, ಕೈ ತಗದಿಲ್ಲ. ಕಟ್ಟಿ ನೋಡಾಕ ಯಾರ ಅಪ್ಪಣೀನೂ ಬೇಕಾಗಿಲ್ಲ.”

ನೀಲವ್ವ ನಮಸ್ಕಾರಕ್ಕೆಂದು ಬಾಗಿದವಳು ಅರ್ಧಕ್ಕೆ ನಿಂತಳು. ಇಬ್ಬರಿಗೂ ನಗು ಬಂತು.

“ಅಜ್ಜಾರ, ನನ್ನ ಈ ಕಥಿ ನಾಕು ಮಂದಿಗೆ ಹೇಳಲೇನ್ರಿ?”

“ಹೇಳು, ತಂಗಿ. ಕೇಳಿದವರಿಗೂ ಮುಂದಿನವರಿಗೆ ಹೇಳ್ರಿ ಅನ್ನು. ರೇವಣಯ್ಯ ಹೇಳ್ಯಾನ, ನಂಬ್ರಿ ಅಂತ ಮಾತ್ರ ಅನಬ್ಯಾಡ.”