ಅಂಬಿಗರ ಜವರನೂ ಇಂಗ್ಲಿಷಿನ ಕಾಯಿದೆಯೂ

ಕೇಳ್ರಪ್ಪ, ಒಂದು ಹೊಳೆ, ಹೊಳೆಗೊಂದು ಹರಿಗೋಲು, ಹರಿಗೋಲಿಗೊಬ್ಬ ಜವರ. ತೋಳಲ್ಲಿ ಎರಡಾಳಿನ ಬಲ, ತಲೆಯಲ್ಲಿ ಮಾತ್ರ ಏನಿಡಬೇಕೆಂಬುದನ್ನು ದೇವರು ಮರೆತಿದ್ದ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅವನ ತಾಯಿ ದೇವೀರಮ್ಮ ಗಂಡನಿಲ್ಲದವಳು. ನಾನು ಕಣ್ಣು ಮುಚ್ಚಿದರೆ ಇವನ ಗತಿಯೇನು ಅನ್ನುವುದೊಂದೇ ಅವಳ ಚಿಂತೆ. ಹರಿಗೋಲು ಕೈಯಲ್ಲಿದ್ದರೆ ಹೇಗೋ ಬದುಕಿಕೊಳ್ಳುತ್ತಾನೆ, ಅದು ಹೋದರೆ ಬೀದಿಪಾಲು.

ಹೀಗಿರುವಾಗ ರಾಜಧಾನಿಯ ದೊಡ್ಡ ಸಭೆಯಲ್ಲಿ ಒಂದು ಕಾಯಿದೆ ಆಯಿತು. ಇನ್ನು ದೇಶಕ್ಕೆಲ್ಲ ಇಂಗ್ಲಿಷೇ ಸರ್ಕಾರದ ಭಾಷೆ, ಬೇರೆ ಮಾತಾಡಿದರೆ ಕಚೇರಿಯಲ್ಲಿ ಕೆಲಸ ಆಗುವುದಿಲ್ಲ. ಕೈ ಎತ್ತಿದವರಲ್ಲಿ ಎಷ್ಟು ಜನಕ್ಕೆ ಇಂಗ್ಲಿಷು ಬರುತ್ತಿತ್ತೋ ಆ ಶಿವನೇ ಬಲ್ಲ. ಹಿಂದೆಯೇ ಇನ್ನೊಂದು ಡಂಗುರ ಬಂತು. ಹರಿಗೋಲು ಹಾಕುವವರು ಆಚೆ ದಡದ ಕಚೇರಿಯಿಂದ ಹೊಸ ಪರವಾನಗಿ ಚೀಟಿ ತಂದು, ಅಮಾವಾಸ್ಯೆ ದಿನ ಹೊತ್ತು ಮುಳುಗುವುದರೊಳಗೆ ಪಟೇಲರಿಗೆ ತೋರಿಸಬೇಕು. ಇಲ್ಲದಿದ್ದರೆ ಹರಿಗೋಲು ಪಟೇಲರ ಬಾಮೈದನಿಗೆ. ಅಮಾವಾಸ್ಯೆಗೆ ಎರಡೇ ದಿನ ಉಳಿದಿತ್ತು.

ಹರಿಗೋಲು ಇದ್ದುದು ದೇವೀರಮ್ಮನ ಹೆಸರಲ್ಲಿ. ಅವಳು ಊರ ಶಾಲೆಯ ಮೇಷ್ಟ್ರ ಕೈಲಿ ಇಂಗ್ಲಿಷಿನಲ್ಲಿ ಅರ್ಜಿ ಬರೆಸಿ ಮಗನ ಸೊಂಟಕ್ಕೆ ಸಿಕ್ಕಿಸಿ, ಅಲ್ಲಿ ಕನ್ನಡ ಬಾಯಿಂದ ಬಿದ್ದರೆ ಕೆಟ್ಟೆವು, ಬಾಯಿ ಬಿಡಬೇಡ ಅಂದಳು. ಜವರ ತುಟಿ ಕಚ್ಚಿಕೊಂಡು ಹೋದ. ಗುಮಾಸ್ತ ಇಂಗ್ಲಿಷಿನಲ್ಲಿ ಹೆಸರು ಕೇಳಿದ, ಊರು ಕೇಳಿದ. ಜವರ ಬಾಯಿ ಬಿಡಲಿಲ್ಲ. ಮೂಗನಿರಬೇಕು ಅಂತ ಹೊರಕ್ಕೆ ಕಳಿಸಿದರು. ಅರ್ಜಿ ಸೊಂಟದಲ್ಲೇ ಇತ್ತು. ತೆಗೆದುಕೊಡು ಅಂತ ಯಾರೂ ಹೇಳಿರಲಿಲ್ಲವಲ್ಲ. ಮನೆಗೆ ಬಂದಾಗ ದೇವೀರಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯೋ ಪೆದ್ದೇ, ಕಂಬ ನಿಂತಂಗೆ ನಿಂತ್ರೆ ಆಯ್ತದಾ? ಸಾಲಲ್ಲಿ ಮುಂದಿರೋನು ಏನಂತಾನೆ, ಏನ್ ಮಾಡ್ತಾನೆ ನೋಡು. ನೀನೂ ಹಂಗೇ ಅನ್ನು, ಹಂಗೇ ಮಾಡು."

ಮಾರನೆಯ ದಿನ ಸಾಲಲ್ಲಿ ಮುಂದಿದ್ದವನು ಪಾಪ, ತಲೆ ಬೋಳಿಸಿಕೊಂಡು, ತೀರಿಹೋದ ತಾಯಿಯ ಹೆಸರು ದಫ್ತರದಿಂದ ತೆಗೆಸಲು ಬಂದಿದ್ದ. "ಮೈ ಮದರ್ ಈಸ್ ಡೆಡ್ ಸರ್" ಅಂದು ಅರ್ಜಿ ಕೊಟ್ಟು ಕಣ್ಣೊರೆಸಿಕೊಂಡ. ಜವರನೂ "ಮೈ ಮದರ್ ಈಸ್ ಡೆಡ್ ಸರ್" ಅಂದು ಅರ್ಜಿ ಕೊಟ್ಟು ಕಣ್ಣೊರೆಸಿಕೊಂಡ. ಗುಮಾಸ್ತನಿಗೆ ಕರುಳು ಚುರ್ ಅಂತು. ದಫ್ತರದಲ್ಲಿ ದೇವೀರಮ್ಮ ಅನ್ನುವ ಹೆಸರಿಗೆ ಅಡ್ಡಗೆರೆ ಎಳೆದು, ಅರ್ಜಿಯ ಮೇಲೆ ತೀರಿಕೊಂಡಳು ಅಂತ ಬರೆದು ಮೊಹರು ಒತ್ತಿ ಕೊಟ್ಟ. ಮೊಹರು ಬಿತ್ತಲ್ಲ ಅಂತ ಜವರ ಹಿಗ್ಗುತ್ತಾ ಮನೆಗೆ ಬಂದ.

ತಾನು ಸತ್ತ ಸುದ್ದಿಯನ್ನು ಅರ್ಜಿ ಓದಿದ ಮೇಷ್ಟ್ರ ಬಾಯಲ್ಲಿ ಕೇಳಿ ದೇವೀರಮ್ಮ ಗೋಡೆ ಹಿಡಿದು ಕೂತಳು. ಸತ್ತವಳಿಗೆ ಚೀಟಿ ಯಾರು ಕೊಡುತ್ತಾರೆ?

"ಬದುಕಿದ್ದಂಗೇ ಸಾಯಿಸ್ಬುಟ್ಯಲ್ಲೋ ಮಗನೆ. ನಾನು ನಿಜವಾಗ್ಲೂ ಸತ್ತ ದಿನ ಏನ್ ಮಾಡೀಯೋ."

ಅಮಾವಾಸ್ಯೆ ದಿನ ತಾನೇ ಹೊರಟಳು. ಮೇಷ್ಟ್ರು ಅವಳಿಗೆ ಒಂದೇ ಒಂದು ಇಂಗ್ಲಿಷ್ ಮಾತು ಕಲಿಸಿಕೊಟ್ಟಿದ್ದರು. ನಾನು ಬದುಕಿದ್ದೀನಿ ಸ್ವಾಮಿ ಅಂತ ಅದರ ಅರ್ಥ. ಬೆಳಗ್ಗೆಯೇ ಪಟೇಲರು ಬಾಮೈದನನ್ನು ಪಕ್ಕಕ್ಕಿಟ್ಟುಕೊಂಡು ಊರ ಕಡೆಯ ದಡದಲ್ಲಿ ಕೂತುಬಿಟ್ಟಿದ್ದರು. ಜವರ ತಾಯಿಯನ್ನು ಆಚೆ ದಡಕ್ಕೆ ದಾಟಿಸಿದ. ಇಳಿಯುವಾಗ ಅವಳು ಎಚ್ಚರಿಸಿ ಹೇಳಿದಳು.

"ಪಟೇಲ್ರು ಕಿವಿ ನೆಟ್ಕೊಂಡು ಕೂತವ್ರೆ, ಕನ್ನಡ ಆಡ್ದೆ ಅಂತ ನೆವ ತೆಗೆದು ಹರಿಗೋಲು ಕಿತ್ಕೊಂಡಾರು. ಇವತ್ತೊಂದಿನ ಕನ್ನಡದಲ್ಲಿ ಕರೆದೋರಿಗೆ ಓಗೊಡಬೇಡ. ಇಂಗ್ಲಿಷಲ್ಲಿ ಕರೆದ್ರೆ ದೊಡ್ಡ ಸಾಹೇಬ್ರು ಅಂತ ತಿಳ್ಕೋ. ಕೈಮುಗಿದು ನಿಂತ್ಕೋ, ಅಲ್ಲಾಡಬೇಡ."

ಮರೆತರೆ ಸತ್ತೆ ಅಂತ ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಮಣಮಣ ಅಂದುಕೊಂಡು ಹೋದಳು. ಸಾಲು ಕರಗುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಸರದಿ ಬಂದಾಗ ನಾಲಿಗೆ ಒಣಗಿತ್ತು, ಆದರೂ "ಐ ಆಮ್ ಅಲೈವ್ ಸರ್" ಅಂದಳು. ಗುಮಾಸ್ತ ಬಗ್ಗಿ ಅವಳ ಪಾದ ದೆವ್ವದ ಪಾದದ ಹಾಗೆ ಹಿಂದುಮುಂದಾಗಿದೆಯೋ ಅಂತ ನೋಡಿದ. ನೆಟ್ಟಗಿತ್ತು. ಚೀಟಿ ಕೊಟ್ಟ.

ದೇವೀರಮ್ಮ ಸೆರಗು ಕಟ್ಟಿ ಓಡಿದಳು. ಹೊಳೆಗೆ ಬಂದಾಗ ಇನ್ನೂ ಮಾರುದ್ದ ಹೊತ್ತಿತ್ತು. ಊರ ಕಡೆಯ ದಡಕ್ಕೆ ಹಿಂದಿರುಗಿದ್ದ ಜವರ ಅಲ್ಲಿ ಹರಿಗೋಲಿಗೆ ಒರಗಿ ನಿಂತಿದ್ದ.

"ಜವರಾ, ಹರಿಗೋಲು ತಾರೋ!"

ಜವರ ನೋಡಿದ. ಅವ್ವ. ಆದರೆ ಮಾತು ಕನ್ನಡ. ಮುಖ ತಿರುಗಿಸಿಕೊಂಡ. ಅವಳು ಚೀಟಿ ಎತ್ತಿ ಆಡಿಸಿದಳು, ಅವನ ಸತ್ತ ಅಪ್ಪನ ಹೆಸರೆತ್ತಿ ಕರೆದಳು. ಜವರನ ಕಣ್ಣಲ್ಲಿ ನೀರು ಇಳಿಯಿತು, ಓಗೊಡಲಿಲ್ಲ. ಪಟೇಲರು ಸುಮ್ಮನೆ ಎಲೆಗೆ ಸುಣ್ಣ ಸವರುತ್ತಿದ್ದರು. ಹೊತ್ತು ಗೇಣುದ್ದಕ್ಕೆ ಇಳಿಯಿತು. ತಾನು ಹೇಳಿದ್ದೇ ತನ್ನ ಕುತ್ತಿಗೆಗೆ ಬಂತು ಅಂತ ಆಗ ದೇವೀರಮ್ಮನಿಗೆ ಹೊಳೆಯಿತು. ಬೇರೆ ದಾರಿ ಕಾಣದೆ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು.

"ಐ ಆಮ್ ಅಲೈವ್ ಸರ್!"

ಜವರ ಬೆಚ್ಚಿಬಿದ್ದ. ತಲೆಯ ವಸ್ತ್ರ ತೆಗೆದ, ಕಾಲು ಜೋಡಿಸಿದ, ಕೈಮುಗಿದು ನಿಂತ. ಅವಳು ಕೂಗಿದಷ್ಟೂ ತಲೆ ತಗ್ಗಿಸಿದ. ಕೂಗಿ ಕೂಗಿ ಅವಳ ಗಂಟಲು ಕಟ್ಟಿತು, ಹೊತ್ತು ಮುಳುಗಿತು. ಪಟೇಲರು ಪಂಚೆ ಕೊಡವಿಕೊಂಡು ಎದ್ದು ಮನೆ ಕಡೆ ನಡೆದರು. ಬಾಮೈದ ಹರಿಗೋಲಿಗೆ ಹತ್ತಿ, ಆಚೆಗೆ ಹೋಗಿ, ಮುದುಕಿಯನ್ನು ಕೂರಿಸಿಕೊಂಡು ಬಂದ.

ದೇವೀರಮ್ಮ ಚೀಟಿ ಹಿಡಿದುಕೊಂಡೇ ಇಳಿದಳು. ನೆಟ್ಟಗೆ ಮಗನ ಎದುರಿಗೆ ಹೋಗಿ ನಿಂತಳು. ಜವರ ಇನ್ನೂ ಮುಗಿದ ಕೈ ಬಿಟ್ಟಿರಲಿಲ್ಲ, ತಗ್ಗಿಸಿದ ತಲೆ ಎತ್ತಿರಲಿಲ್ಲ. ಅವಳ ಕಾಲು ಕಂಡು ಮೆಲ್ಲಗೆ ಕೇಳಿದ.

"ಅವ್ವಾ, ಸಾಹೇಬ್ರು ಹೋದ್ರಾ?"